ತಂತಿ ಅಕ್ಕ ಒಪ್ಪದ ಅರವತ್ತು ಪೌಂಡು

ಬೇಸಿಗೆಯ ಆ ಟೆನಿಸ್ ಶಿಬಿರದಲ್ಲಿ ಅವಳನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ತಂತಿ ಅಕ್ಕ. ಆರು ವಾರ ಅಲ್ಲೇ ಉಂಡು, ಅಲ್ಲೇ ಮಲಗಿ ಆಡುವ ಅರವತ್ತು ಮಕ್ಕಳ ರಾಕೆಟ್‌ಗಳಿಗೆ ತಂತಿ ಕಟ್ಟುವುದು ಅವಳ ಕೆಲಸ.

ಮೊದಲು ಬಂದದ್ದು ಹರಿದ ನೆಟ್ ಹೊಲಿಯಲು. ತಂತಿ ಕಟ್ಟುತ್ತಿದ್ದ ಮುದುಕನಿಗೆ ಕಣ್ಣು ಮಂಜಾದಾಗ, "ನನಗೆ ಕಲಿಸ್ಕೊಡಿ ತಾತ, ಸೂಜಿ ದಾರ ಹಿಡಿದ ಕೈ ಇದು" ಎಂದು ತಂತಿ ಬಿಗಿಯುವ ಯಂತ್ರದ ಮುಂದೆ ನಿಂತಳು. ಹದಿನೈದು ದಿನಕ್ಕೆ ಕಲಿತೂ ಬಿಟ್ಟಳು. ಆಮೇಲಾಮೇಲೆ ತಂತಿಯನ್ನು ಬೆರಳಲ್ಲಿ ಮೀಟಿ, ಸದ್ದು ಕೇಳಿಯೇ ಬಿಗಿ ಎಷ್ಟು ಪೌಂಡೆಂದು ಹೇಳುವಷ್ಟು ಪಳಗಿದಳು.

ಒಂದು ವರ್ಷ, ಶಿಬಿರದ ಮೂರನೇ ವಾರ, ಹದಿಮೂರರ ಹುಡುಗಿಯೊಬ್ಬಳು ರಾಕೆಟ್ ತಂದಳು. ಅಲ್ಲಿದ್ದವರಲ್ಲೆಲ್ಲ ಜೋರಾಗಿ ಹೊಡೆಯುವವಳು.

"ಅರವತ್ತು ಪೌಂಡಿಗೆ ಬಿಗಿ ಮಾಡಿ ಅಕ್ಕ. ದೊಡ್ಡ ಆಟಗಾರರೆಲ್ಲ ಅಷ್ಟೇ ಇಡೋದು ಅಂತ ಅಪ್ಪ ಹೇಳ್ತಾರೆ."

ಬಲಗೈಯಲ್ಲಿ ಆಡುವವಳು ಎಡಗೈಯಲ್ಲಿ ರಾಕೆಟ್ ಚಾಚಿದ್ದು ಅಕ್ಕನ ಕಣ್ಣಿಗೆ ಬಿತ್ತು. ನೀರಿನ ಬಾಟಲಿ ಕೊಟ್ಟು, "ಇದರ ಮುಚ್ಚಳ ತೆಗಿ ಮರಿ" ಎಂದಳು. ತಿರುಗಿಸಿದ್ದೇ ತಡ, ಹುಡುಗಿ ನೋವಿಗೆ ಮುಖ ಕಿವುಚಿದಳು.

"ಎಷ್ಟು ದಿನದಿಂದ ಮೊಣಕೈ ನೋವು?"

"ಹತ್ತು ದಿನ. ಯಾರಿಗೂ ಹೇಳ್ಬೇಡಿ ಅಕ್ಕ, ಮನೆಗೆ ಕಳಿಸ್ಬಿಡ್ತಾರೆ."

"ಹೇಳ್ತೀನಿ. ನಿನ್ನನ್ನ ಜೊತೇಲೇ ಕರ್ಕೊಂಡು ಹೋಗಿ ಹೇಳ್ತೀನಿ."

ಕೋಚ್ ಅಂಗಳದಲ್ಲಿ ಚೆಂಡು ಎಸೆಯುತ್ತಿದ್ದರು. ಎಲ್ಲ ಕೇಳಿ ಹುಬ್ಬು ಗಂಟಿಕ್ಕಿದರು. "ಕೈ ವಿಚಾರ ನನಗೆ ಬಿಡಿ. ನಿಮ್ಮ ಕೆಲಸ ತಂತಿ ಬಿಗಿಯೋದು."

"ಅದಕ್ಕೇ ಬಂದೆ ಸಾರ್. ಕಲ್ಲಿನ ಹಾಗೆ ಬಿಗಿದ್ರೆ ಪೆಟ್ಟೆಲ್ಲ ಈ ಎಳೆ ಕೈಗೇ. ಅರವತ್ತಕ್ಕೆ ನಾನಂತೂ ಕಟ್ಟಲ್ಲ. ಬೇರೆಯವರ ಹತ್ತಿರ ಕಟ್ಟಿಸಿಕೊಳ್ಳಿ."

ಇಷ್ಟು ವರ್ಷದಲ್ಲಿ ಅವಳು ಆಗಲ್ಲ ಎಂದದ್ದು ಅದೇ ಮೊದಲು. ಕೋಚ್ ಚೆಂಡಿನ ಬುಟ್ಟಿ ಕೆಳಗಿಟ್ಟು, ಹುಡುಗಿಯ ಮೊಣಕೈ ಒತ್ತಿ ನೋಡಿದರು. ಅವಳು ನೋವಿಗೆ ಹಾ ಎಂದಳು. ಅವತ್ತೇ ಡಾಕ್ಟರ ಬಳಿ ಕರೆದೊಯ್ದರು. "ಇನ್ನೊಂದು ವಾರ ಹೀಗೇ ಆಡಿದ್ದರೆ ವರ್ಷವಿಡೀ ಮನೇಲಿರಬೇಕಿತ್ತು" ಎಂದರು ಡಾಕ್ಟರು. ಹತ್ತು ದಿನ ವಿಶ್ರಾಂತಿ. ಅಪ್ಪ ಫೋನಿನಲ್ಲಿ ಕೂಗಾಡಿದರು. ಡಾಕ್ಟರೇ ಮಾತಾಡಿದ ಮೇಲೆ ತಣ್ಣಗಾದರು.

ಆ ಹತ್ತು ದಿನ ಹುಡುಗಿ ಅಕ್ಕನ ಕೋಣೆಯಲ್ಲೇ ಠಿಕಾಣಿ ಹೂಡಿದಳು. ಮೊದಲೆರಡು ದಿನ ಸಿಟ್ಟಿನಿಂದ ಬೆನ್ನು ತಿರುಗಿಸಿ ಕೂತಳು. ಮೂರನೇ ದಿನ, "ಚೌಕಟ್ಟಿನ ಈ ತೂತಿಗೆ ತಂತಿ ಯಾಕೆ ಹಾಕಲಿಲ್ಲ?" ಎಂದು ಶುರುವಾದ ಪ್ರಶ್ನೆ ಮತ್ತೆ ನಿಲ್ಲಲಿಲ್ಲ. ಅವಳ ರಾಕೆಟ್ಟಿಗೆ ಅಕ್ಕ ಮೆತ್ತನೆಯ ತಂತಿ ಆರಿಸಿ, ನಲವತ್ತೆಂಟಕ್ಕೆ ಕಟ್ಟಿದಳು.

ಕೊನೆಯ ವಾರದ ಪಂದ್ಯದಲ್ಲಿ ಹುಡುಗಿ ಸೆಮಿಫೈನಲ್ ತನಕ ಹೋಗಿ ಸೋತಳು. ದುಮುಗುಡುತ್ತ ಬಂದು ಬ್ಯಾಗ್ ಎಸೆದಳು.

"ಕೈ ಹೇಗಿದೆ?"

"ಕೈಗೇನಾಗಿದೆ? ಇನ್ನೂ ಎರಡು ಸೆಟ್ ಆಡಿಬಿಡ್ತಿದ್ದೆ!"

ಅಕ್ಕ ನಕ್ಕಳು. ಅವಳಿಗೆ ಅಷ್ಟು ಸಾಕಿತ್ತು.

ಮುಂದಿನ ಬೇಸಿಗೆಯಿಂದ ಕೋಚ್ ಒಂದು ಪದ್ಧತಿ ಮಾಡಿದರು. ಹೊಸ ಮಕ್ಕಳು ಅಂಗಳಕ್ಕೆ ಇಳಿಯುವ ಮೊದಲು ತಂತಿ ಅಕ್ಕನ ಮುಂದೆ ನಿಂತು ಕೈ ತೋರಿಸಬೇಕು. ಎಷ್ಟು ಬಿಗಿಯಬೇಕೆಂದು ಅವಳು ಹೇಳುತ್ತಾಳೆ, ಕೋಚ್ ಬರೆದುಕೊಳ್ಳುತ್ತಾರೆ.