ಅಕ್ಕ-ತಂಗಿ ಕಲ್ಲಿನ ಹೆದರಿಕೆ

ಬಳ್ಳಾರಿ ಸೀಮೆ ಮದ್ರಾಸಿಗೆ ಸೇರಿದ್ದ ಕಾಲ. ಹೊಸಪೇಟೆಯಲ್ಲಿ ಮೇಷ್ಟರಾಗಿದ್ದ ನಮ್ಮ ಸೋದರಮಾವನಿಗೆ ಹಂಪಿಯ ಹುಚ್ಚು. ರಜೆ ಬಂದರೆ ಸಾಕು, ಗಾಡಿ ಕಟ್ಟಿಸಿ, ಮನೆಗೆ ಬಂದ ನೆಂಟರನ್ನೆಲ್ಲ ಹತ್ತಿಸಿಕೊಂಡು ಹೋಗಿ ಕಂಬಕಂಬಕ್ಕೂ ಚರಿತ್ರೆ ಹೇಳುತ್ತಿದ್ದರು.

ಒಮ್ಮೆ ನನ್ನನ್ನೂ ತಂಗಿಯನ್ನೂ ಕರೆದೊಯ್ದರು. ಕಡ್ಡಿರಾಂಪುರ ದಾಟಿದ ಮೇಲೆ ಒಂದಕ್ಕೊಂದು ಆತು ನಿಂತ ಎರಡು ಹೆಬ್ಬಂಡೆಗಳನ್ನು ತೋರಿಸಿದರು.

"ಇವ್ರು ಅಕ್ಕ-ತಂಗೇರು. ಹಂಪಿ ನೋಡಾಕ ಬಂದು, ಇದೇನು ಊರು ಅಂತ ಜರದ್ರು. ಅಲ್ಲೇ ಕಲ್ಲಾದ್ರು."

ತಂಗಿ ಸುತ್ತ ನೋಡಿ, "ಖರೇನ, ಇಲ್ಲಿ ಬರೇ ಕಲ್ಲು..." ಎಂದು ಶುರುಮಾಡಿದಳು. ನಾನು ಗಬಕ್ಕನೆ ಅವಳ ಬಾಯಿ ಮುಚ್ಚಿದೆ. "ಸುಮ್ನಿರು ಲೇ! ನಾವೂ ಅಕ್ಕ-ತಂಗೇರ ಅದೀವಿ."

ಆಮೇಲೆ ಸಂಜೆತನಕ ಅವಳು ಹಂಪಿಯನ್ನು ಹೊಗಳಿದ್ದೇ ಹೊಗಳಿದ್ದು. ಅಂಗಾಲು ಸುಡುತ್ತಿದ್ದರೂ "ಬಿಸ್ಲು ಭಾಳ ಚಲೋ ಐತ್ರಿ ಮಾವ" ಎಂದಳು. ಚರಿತ್ರೆಯನ್ನು ಇಷ್ಟು ಮೆಚ್ಚುವ ಹುಡುಗಿಯನ್ನು ಮಾವ ಕಂಡೇ ಇರಲಿಲ್ಲ. ಬುತ್ತಿಯ ಹೋಳಿಗೆಯಲ್ಲಿ ದೊಡ್ಡದು ಅವಳಿಗೇ ಹೋಯಿತು. ಬಾಯಿ ಮುಚ್ಚಿ ಕಾಪಾಡಿದವಳು ನಾನು, ಹೋಳಿಗೆ ಅವಳಿಗೆ! ಆ ಸಿಟ್ಟು ನನಗೆ ಬಹಳ ದಿನ ಇತ್ತು.

ಮೊನ್ನೆ ಮೊಮ್ಮಕ್ಕಳೊಂದಿಗೆ ಹಂಪಿಗೆ ಹೋಗಿದ್ದೆ. ಅದೇ ಎರಡು ಬಂಡೆಗಳ ಮುಂದೆ ಗೈಡು ಮಾತಾಡುತ್ತಿರುವಾಗ ಹಿಂದಿನಿಂದ ಯಾರೋ "ಏನೈತಿ ಇಲ್ಲಿ, ಬರೇ ಕಲ್ಲು" ಎಂದರು. ನನ್ನ ಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು, ತಂಗಿಯ ಬಾಯಿ ಮುಚ್ಚಲು. ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು.

ಅವತ್ತು ಬಾಯಿ ಮುಚ್ಚದೆ ಬಿಟ್ಟಿದ್ದರೆ, ಇಬ್ಬರೂ ಇನ್ನೂ ಇಲ್ಲೇ ಆತುಕೊಂಡು ನಿಂತಿರುತ್ತಿದ್ದೆವು.