ಮೇಟಿ ಕಿತ್ತ ಕಣ

ನಮ್ಮ ಊರು ಕೋಲಾರಕ್ಕೆ ಅಂಟಿಕೊಂಡೇ ಇತ್ತು. ನಾನು ಹುತ್ತೂರಿನಿಂದ ಸೊಸೆಯಾಗಿ ಬಂದಾಗ ಪಟ್ಟಣಕ್ಕೂ ನಮಗೂ ನಡುವೆ ಒಂದು ಕೆರೆ ಏರಿ, ಒಂದಿಷ್ಟು ರಾಗಿ ಹೊಲ, ಅಷ್ಟೇ. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ಆ ಹೊಲಗಳಲ್ಲಿ ಅಳತೆಯವರು ಬಂದು ಕಲ್ಲು ನೆಟ್ಟರು. ಹೊಸ ಬಡಾವಣೆ ಆಗುತ್ತದೆ ಅಂದರು. ಪಟ್ಟಣಕ್ಕೆ ಹೋಗುವ ದಾರಿಯ ಆಚೆ ಕಡೆಯ ಹೊಲಗಳು ಹೋದವು, ಈಚೆ ಕಡೆಯವು ಉಳಿದವು. ಹೋದದ್ದಕ್ಕೆ ಊರಿನಲ್ಲಿ ಯಾರೂ ಅತ್ತದ್ದು ನನಗೆ ನೆನಪಿಲ್ಲ. ಬರೀ ಕಲ್ಲು ನೆಲ. ನಮ್ಮ ಚಿಂತೆಯೆಲ್ಲ ಕಣದ್ದು.

ಕಣ ಸರ್ಕಾರಿ ಜಾಗ, ಕೇಳದೆಯೇ ಬಡಾವಣೆಗೆ ಸೇರಿಸಿಕೊಳ್ಳಬಹುದಿತ್ತು. ಆದರೆ ಅಜ್ಜ ಮುತ್ತಜ್ಜನ ಕಾಲದಿಂದ ಊರಿನ ರಾಗಿಯೆಲ್ಲ ಒಕ್ಕುತ್ತಿದ್ದದ್ದು ಅಲ್ಲೇ. ನಮ್ಮ ಹಿತ್ತಿಲಲ್ಲಿ ಹಿಪ್ಪುನೇರಳೆ, ಮುಂದೆ ಇಳಿಜಾರು. ಕಣ ಹೋದರೆ ನಮ್ಮ ಮನೆಯ ರಾಗಿಯನ್ನು ತಲೆಯ ಮೇಲೆ ಇಟ್ಟುಕೊಂಡು ಬಡಿಯಬೇಕಿತ್ತು.

ಸುಗ್ಗಿಯ ನಡುವೆ ಒಂದು ದಿನ ತಮಟೆ ಹೊಡೆದು ಸಾರಿದರು. ಸಾಹೇಬರು ಬರುತ್ತಾರೆ, ಬಡಾವಣೆ ವಿಷಯದಲ್ಲಿ ಯಾರಿಗೆ ಏನು ತಕರಾರಿದ್ದರೂ ಎದುರಿಗೇ ಹೇಳಬಹುದು ಅಂತ. ಸಭೆ ಎಲ್ಲಿ? ಗುಡಿ ಜಗಲಿಯಲ್ಲಿ ಹತ್ತು ಜನ ಕೂತರೆ ಹನ್ನೊಂದನೆಯವನು ಕೆಳಗೆ ಬೀಳುತ್ತಾನೆ. ಕಣದಲ್ಲೇ ಆಗಲಿ ಅಂದರು ಊರಿನ ಯಜಮಾನರು. ಪೇಟೆಯ ಸಾಬರ ಅಂಗಡಿಯಿಂದ ಮೇಜು ಕುರ್ಚಿ ತರಿಸಿದರು. ದೊಡ್ಡವರು ಬರುವಾಗ ಜಾಗ ಗಲೀಜಾಗಿ ಇರಬಾರದು ಅಂತ ಅಪ್ಪಣೆ ಆಯಿತು. ಒಕ್ಕದೆ ಉಳಿದಿದ್ದ ನಮ್ಮ ಮೆದೆಯನ್ನು ಹೊತ್ತು ಹಿತ್ತಿಲಿಗೆ ಹಾಕಿದೆವು. ರಾಗಿ ಉರುಳಿಸುವ ಗುಂಡುಕಲ್ಲನ್ನು ಗಂಡಸರು ಬೇಲಿಯ ಹಿಂದಕ್ಕೆ ದಬ್ಬಿದರು. ಉಳಿದದ್ದು ಮೇಟಿ ಒಂದೇ. ಕಣದ ನಟ್ಟನಡುವೆ ನೆಟ್ಟು, ಅದರ ಸುತ್ತ ಎತ್ತು ತಿರುಗಿಸುವ ಕಂಬ. ರಾಶಿ ಪೂಜೆ ಮುಗಿಯುವ ತನಕ ಅದನ್ನು ಕೀಳುವ ಪದ್ಧತಿ ಇಲ್ಲ.

ನಮ್ಮ ಅತ್ತೆ ಅಡ್ಡ ನಿಂತರು. "ರಾಶಿ ಆಗಿಲ್ಲ, ಮೇಟಿ ಮುಟ್ಬ್ಯಾಡ್ರಿ."

"ಮ್ಯಾಪು ಹಾಸೋಕೆ ಮೇಜು ಎಲ್ಲಿಡ್ಲಕ್ಕಾ?" ಅಂದರು ಯಜಮಾನರು. "ಮೇಟಿ ಇಟ್ಕಂಡು ಸಾಹೇಬರನ್ನ ಎತ್ತಿನ ಥರಾ ಸುತ್ತ ತಿರುಗ್ಸ್ಲಾ?"

ಎಲ್ಲರೂ ನಕ್ಕರು. ಮೇಟಿ ಕಿತ್ತರು. ಗುಂಡಿ ಮುಚ್ಚಿ ನಾವು ಹೆಂಗಸರು ಸಗಣಿ ಸಾರಿಸಿ ರಂಗೋಲಿ ಬಿಟ್ಟೆವು. ಕಣ ಅಷ್ಟು ಚೆನ್ನಾಗಿ ಯಾವತ್ತೂ ಕಂಡಿರಲಿಲ್ಲ.

ಸಾಹೇಬರು ವಯಸ್ಸಿನವರು, ಮಾತು ಮೆತ್ತಗೆ. ಮ್ಯಾಪು ಹಾಸಿ, ಗಾಳಿಗೆ ಹಾರದಂತೆ ಮೂಲೆಗೆ ಕಲ್ಲಿಟ್ಟು ತೋರಿಸಿದರು. ಇಲ್ಲಿ ಮನೆಗಳು, ಇಲ್ಲಿ ಶಾಲೆ, ಇಲ್ಲಿ ಪಾರ್ಕು, ಇಲ್ಲಿ ಹೋಳೂರಿನ ಬಸ್ಸು ಹೋಗುವ ದೊಡ್ಡ ರಸ್ತೆ. ತಕರಾರು ಏನಾದರೂ ಇದೆಯೇ ಅಂದರು.

"ಸ್ವಾಮಿ, ನಮ್ಮ ಕಣ ಒಂದು ಬಿಟ್ಬಿಡಿ," ಅಂದರು ಯಜಮಾನರು.

"ಯಾವ ಕಣ?"

"ತಾವು ಕೂತಿರೋದೇ, ಸ್ವಾಮಿ."

ಸಾಹೇಬರು ಸುತ್ತ ನೋಡಿದರು. "ಇದು ಖಾಲಿ ಜಾಗ ಅಲ್ವೇನ್ರೀ? ಒಂದು ಹುಲ್ಲುಕಡ್ಡಿನೂ ಕಾಣಲ್ಲ."

"ತಾವು ಬರ್ತೀರಂತ ಎಲ್ಲಾ ತೆಗ್ದ್ವಿ."

ಅವರು ನಕ್ಕರು. ಕೆಟ್ಟ ನಗುವಲ್ಲ. ಅವರ ಜಾಗದಲ್ಲಿ ಯಾರಿದ್ದರೂ ನಗುತ್ತಿದ್ದರು. ವಿಚಾರ ಮಾಡೋಣ ಅಂತ ಹೇಳಿ, ಎಳನೀರು ಕುಡಿದು ಹೋದರು. ಜೀಪಿನ ಧೂಳು ಇಳಿಯುವ ಮುಂಚೆ ಅತ್ತೆ ಹೆಂಗಸರ ಸಾಲಿನಿಂದ ಅಂದರು: "ಕಣ ತೋರ್ಸೋಕೆ ಕರೆಸಿ ಕಣಾನೇ ಬಚ್ಚಿಟ್ರಿ. ಭೇಷ್."

ಆ ವರ್ಷ ಮೇಟಿ ಮತ್ತೆ ನೆಟ್ಟು ಒಕ್ಕಿದೆವು. ಮರುವರ್ಷ ದೊಡ್ಡ ರಸ್ತೆ ಬಂತು. ಸರಿಯಾಗಿ ಕಣದ ಮೇಲೇ.

ಮುಂದಿನ ಸುಗ್ಗಿಗೆ ನಮ್ಮ ತೆನೆ ಹಿತ್ತಿಲಲ್ಲಿ ಬಿದ್ದಿತ್ತು. ಮೋಡ ಕಟ್ಟುತ್ತಿತ್ತು. ನಾನು ಹೊರೆ ಹೊತ್ತುಕೊಂಡು ಹೋಗಿ ಡಾಂಬರಿನ ಮೇಲೆ ಹಾಸಿದೆ. ಹೋಳೂರಿನ ಬಸ್ಸು ಅದರ ಮೇಲೆ ಹೋಯಿತು, ಬಂತು. ಎತ್ತು ಅರ್ಧ ದಿನ ತುಳಿಯುವುದನ್ನು ಬಸ್ಸು ಎರಡು ಸಲಕ್ಕೆ ಮುಗಿಸಿತು. ಅತ್ತೆ ಮಾತ್ರ ರಸ್ತೆಯ ಅಂಚಿಗೂ ಬರಲಿಲ್ಲ.

"ಚಪ್ಲಿ ಕಾಲಲ್ಲಿ ತುಳಿಯೋ ಜಾಗದಾಗೆ ರಾಶಿ ಮಾಡ್ತೀಯೇನೇ?"

"ಮುದ್ದೆ ಬೇಕೋ ಬ್ಯಾಡ್ವೋ ಅತ್ತೆ?"

ಬೇಕಿತ್ತು. ಉಂಡರು. ಹಲ್ಲಿಗೆ ಕಲ್ಲು ಸಿಕ್ಕಿದಾಗಲೆಲ್ಲ ನನ್ನ ಮುಖ ನೋಡಿ ಉಗಿದರು. ಅವರದ್ದೂ ತಪ್ಪಲ್ಲ. ಎಷ್ಟು ಕೇರಿದರೂ ಆ ರಾಗಿಯಿಂದ ಮರಳು ಹೋಗುತ್ತಿರಲಿಲ್ಲ, ಡಾಂಬರಿನ ವಾಸನೆಯಂತೂ ಅಂಬಲಿಗೂ ಬರುತ್ತಿತ್ತು. ಆದರೂ ನನ್ನ ಹಿಂದೆಯೇ ಊರಿನವರೆಲ್ಲ ಹಾಸಿದರು.

ಮೂರು ನಾಲ್ಕು ವರ್ಷದಲ್ಲಿ ಬಡಾವಣೆಯಲ್ಲಿ ಮನೆಗಳು ಎದ್ದವು. ಅಲ್ಲಿಗೆ ಬಂದ ಒಬ್ಬ ಮೇಷ್ಟ್ರು ರಾಗಿ ಹುಲ್ಲಿನ ಮೇಲೆ ಸ್ಕೂಟರು ಜಾರಿ ಬಿದ್ದು ಮೊಣಕಾಲು ಒಡೆದುಕೊಂಡರು. ಬಡಾವಣೆಯವರು ದೂರು ಕೊಟ್ಟರು. ಮತ್ತೆ ತಮಟೆ ಬಂತು, ಮತ್ತೆ ಸಭೆ. ನಮಗೆ ಈಗ ಉಳಿದದ್ದು ಆ ರಸ್ತೆಯೊಂದೇ. ಅದರ ಮೇಲೂ ಹಾಸಬೇಡಿ ಅಂದರೆ ರಾಗಿ ಬಿತ್ತುವುದನ್ನೇ ಬಿಡಬೇಕು.

ಯಜಮಾನರು ಬಂದು ಬಾಗಿಲಲ್ಲಿ ನಿಂತರು. "ಸಾಹೇಬರು ಬರ್ತವ್ರೆ. ರಸ್ತೆ ಮ್ಯಾಲಿಂದು ತೆಗೆಸ್ಲೇನಮ್ಮಾ?"

"ಒಂದು ಕಡ್ಡಿ ಮುಟ್ಟಿದ್ರೆ ನೋಡಿ," ಅಂದೆ. ಅವರ ಮುಂದೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು.

ಜೀಪು ಬಂದು ರಾಗಿಯ ಮುಂದೆ ನಿಂತಿತು. ಡ್ರೈವರು ಹಾರನ್ ಹೊಡೆದ.

"ಹತ್ಸಪ್ಪಾ," ಅಂದೆ. "ನೀನೊಂದು ಸುತ್ತು ಹೋದ್ರೆ ನಮಗಷ್ಟು ಕೆಲ್ಸ ಕಮ್ಮಿ."

ಅದೇ ಸಾಹೇಬರು ಕೆಳಗಿಳಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ರಾಗಿಯನ್ನು ನೋಡಿದರು, ನಮ್ಮನ್ನು ನೋಡಿದರು. "ಕಣ ಅಂದಿದ್ದು ಇದಾ?" ಅಂದರು.

ಮೇಷ್ಟ್ರು ಕುಂಟುತ್ತಾ ಬಂದರು. "ಸಾರ್, ಈ ರಸ್ತೆ ಯಾರದ್ದು, ಅದೊಂದು ಹೇಳ್ಬಿಡಿ."

"ಮೇಷ್ಟ್ರೇ, ನೀವು ಬಿದ್ದಿದ್ದು ನಮ್ಮ ಕಣದಾಗೆ," ಅಂದೆ.

"ಯಾರ ಕಣದಲ್ಲಿ ಬಿದ್ರೂ ಮೊಣಕಾಲು ನಂದೇ ಅಲ್ವೇನಮ್ಮಾ?"

ಅದು ನ್ಯಾಯವಾದ ಮಾತು. ಆಮೇಲೆ ಮೇಷ್ಟ್ರೇ ಸಾಹೇಬರಿಗೆ ಹೇಳಿದರು, ನಮ್ಮ ಮನೆಯ ಹಿಂದೆ ಪಾರ್ಕಿನ ಜಾಗ ಅಂತ ಬಿಟ್ಟಿದ್ದೀರಿ, ಬರೀ ಜಾಲಿ ಬೆಳೆದು ಹಾವು ಸೇರಿಕೊಂಡಿದೆ, ಇವರಿಗೆ ಅದನ್ನಾದರೂ ಕೊಡಿ ಅಂತ. ತಾವು ಬೀಳುವುದು ತಪ್ಪಲಿ ಅಂತ ಹೇಳಿದರೋ, ನಮಗೆ ಒಳ್ಳೆಯದಾಗಲಿ ಅಂತಲೋ, ನಾನು ಕೇಳಲಿಲ್ಲ. ಪಾರ್ಕು ಬರುವ ತನಕ ಒಕ್ಕಿಕೊಳ್ಳಿ ಅಂದರು ಸಾಹೇಬರು.

ಜಾಲಿ ಕಡಿದು, ನೀರು ಹೊಯ್ದು, ನೆಲ ಬಡಿದು ಕಣ ಮಾಡಿದೆವು. ಮೇಟಿಯನ್ನು ಅತ್ತೆಯೇ ಮುಂದೆ ನಿಂತು ನೆಡಿಸಿದರು. ಗುಂಡಿ ಇನ್ನೂ ಆಳ ಆಗಲಿ, ಇನ್ನೂ ಆಳ ಅಂತ ಗಂಡಸರನ್ನು ಮಧ್ಯಾಹ್ನದ ತನಕ ಅಗೆಸಿದರು.

ಆಮೇಲೆ ಚರಂಡಿಗೆ, ಬೀದಿ ದೀಪಕ್ಕೆ, ನಲ್ಲಿಗೆ ಅಂತ ಬಡಾವಣೆಯವರದ್ದೂ ನಮ್ಮದೂ ಸಭೆಗಳು ಅಲ್ಲೇ ಆದವು. ಬೇರೆ ಬಯಲು ಉಳಿದಿರಲಿಲ್ಲ. ಒಮ್ಮೆ ಹೊಸದಾಗಿ ಬಂದ ಸಾಹೇಬರೊಬ್ಬರು, ಎದುರಿಗೆ ಕೂತವರು ಕಾಣುವುದಿಲ್ಲ, ಈ ಕಂಬ ತೆಗೆಯಬಹುದಾ ಅಂದರು. ಯಜಮಾನರು ಎದ್ದು ಹೋಗಿ ಅವರ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಕೊಟ್ಟರು.