ಡ್ರೈಯರಿನೊಳಗಿನ ಪೆನ್ಸಿಲ್ ಗೆರೆ

ಮೊನ್ನೆ ಧೂಳುಗಾಳಿ ಎದ್ದ ದಿನ ಡ್ರೈಯರಿನಿಂದ ಟವೆಲ್ ತೆಗೆಯುವಾಗ ಬಿಸಿ ಹತ್ತಿಯ ವಾಸನೆ ಮೂಗಿಗೆ ಬಡಿಯಿತು. ಎಲ್ಲರಿಗೂ ಹಿತವಾದ ವಾಸನೆ ಅದು. ನನಗೆ ಮಾತ್ರ ಇಂದಿಗೂ ಎದೆ ಧಸಕ್ಕೆನ್ನುತ್ತದೆ. ಕುವೈತಿನ ಅಹ್ಮದಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾಗುತ್ತಾರೆ...

ಅವರು ಉಡುಪಿ ಕಡೆಯವರು, ಬಾಯ್ಲರ್ ಟೆಕ್ನೀಷಿಯನ್. ನಾವು ಮೈಸೂರಿನಿಂದ ಬಂದು ಆ ಕ್ವಾರ್ಟರ್ಸ್ ಸೇರಿದಾಗ, ಹಿಂದಿದ್ದವರು ಬಿಟ್ಟುಹೋದ ಗ್ಯಾಸ್ ಡ್ರೈಯರ್ ಒಂದಿತ್ತು. ನನಗಿಂತ ವಯಸ್ಸಾದದ್ದು. ಒಳಗಿನ ಬಿಳಿ ಹಿಂಗೋಡೆಯಲ್ಲಿ ಅಂಗೈಯಗಲ ಕಂದು ಕಲೆ. ಅಂಕಲ್ ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಕಲೆ ಗೆರೆ ದಾಟಿದರೆ ಬಿಸಿ ಮಿತಿಮೀರಿದೆ ಎಂದರ್ಥ, ಆಮೇಲೆ ಹಚ್ಚಲೇಬೇಡಿ ಎಂದಿದ್ದರು. ಪ್ರತಿ ಶುಕ್ರವಾರ ಟಾರ್ಚ್ ಹಿಡಿದು ಬಂದು, ಮಂಡಿಯೂರಿ ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಅಂಕಲ್‌ದು ಶುಕ್ರವಾರದ ಪೂಜೆ ಎಂದು ನಾನು ಯಜಮಾನರೊಡನೆ ಆಡಿಕೊಂಡು ನಗುತ್ತಿದ್ದೆ.

ಯುಗಾದಿಗೆ ಮನೆ ತೊಳೆಯುವ ಹುರುಪಿನಲ್ಲಿ, ಹಿತ್ತಾಳೆ ದೀಪ ಬೆಳಗಿದ ಹುಣಸೆಹಣ್ಣು ಉಪ್ಪಿನಲ್ಲೇ ಡ್ರೈಯರಿನ ಒಳಗನ್ನೂ ಉಜ್ಜಿಬಿಟ್ಟೆ. ಕಲೆ ಹೋಗಲಿಲ್ಲ. ಗೆರೆ ಹೋಯಿತು... ಆಮೇಲೂ ಎರಡು ಸಲ ಬಟ್ಟೆ ಒಣಗಿಸಿದೆ.

ಶುಕ್ರವಾರ ಅಂಕಲ್ ಬಂದಾಗ ಡ್ರೈಯರ್ ತಿರುಗುತ್ತಿತ್ತು. ನಾಲ್ಕು ವರ್ಷದ ಮಗಳು ಬೆಚ್ಚಗಿದೆಯೆಂದು ಅದಕ್ಕೇ ಬೆನ್ನು ಕೊಟ್ಟು ಆಡುತ್ತಿದ್ದಳು. ಬಾಗಿಲು ತೆಗೆದು ಒಳಗೆ ಟಾರ್ಚ್ ಬಿಟ್ಟವರು ಹಾಗೇ ನಿಂತುಬಿಟ್ಟರು.

"ಗೆರೆ ಎಲ್ಲಿ ಮಾರಾಯ್ತಿ? ಉಜ್ಜಿದ್ರಾ?"

ಹೂಂ ಎಂದೆ.

"ಕಲೆ ಎಷ್ಟು ಮುಂದೆ ಬಂದಿದೆ ಅಂತ ಇನ್ನು ಹೇಗೆ ಗೊತ್ತಾಗ್ತದೆ? ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ."

ಅವರ ದನಿ ಏರಿರಲಿಲ್ಲ. ಮಗಳನ್ನು ಅವಚಿಕೊಂಡು ಬಿಸಿಲಲ್ಲಿ ನಿಂತೆ. ಒಳಗೆ ಅವರೊಬ್ಬರೇ... ಗ್ಯಾಸ್ ಮುಚ್ಚಿ, ಹಿಂಬದಿಯ ತಗಡು ಬಿಚ್ಚುತ್ತಿದ್ದ ಸದ್ದು ಕೇಳುತ್ತಿತ್ತು.

ಹೊರಗೆ ಬಂದಾಗ ಅವರ ಕೈಯಲ್ಲಿ ಮಗಳ ಪುಟ್ಟ ಕಾಲುಚೀಲವಿತ್ತು, ಅರ್ಧ ಕರಿಕಲು. ಎರಡು ದಿನದಿಂದ ನಾನು ಹುಡುಕುತ್ತಿದ್ದದ್ದೇ ಅದು. ಬಟ್ಟೆ ತಿರುಗುವ ಡ್ರಮ್ಮಿನ ಅಂಚಿನ ಬಟ್ಟೆಪಟ್ಟಿ ಸವೆದು ನೂಲಾಗಿ, ಕಾಲುಚೀಲ ಆ ಸಂದಿಯಲ್ಲಿ ಜಾರಿ ಹಿಂದೆ, ಗ್ಯಾಸಿನ ಉರಿಯ ಹತ್ತಿರ ಬಿದ್ದಿತ್ತಂತೆ. ಅದರ ಸುತ್ತ ಕೂತಿದ್ದ ನೂಲಿನ ಧೂಳು ಆಗಲೇ ಹೊಗೆಯಾಡುತ್ತಿತ್ತಂತೆ.

"ಖಲಾಸ್, ಇದು ಇನ್ನು ಬೇಡ" ಎಂದು ಕಾಫಿ ಕೇಳಿದರು.

ಹೋದ ವರ್ಷ ಊರಿನಿಂದ ಆಂಟಿ ಫೋನ್ ಮಾಡಿ, ಅಂಕಲ್ ಹೋಗಿಬಿಟ್ಟರು ಎಂದಾಗ ನಮ್ಮ ಹೊಸ ಡ್ರೈಯರ್ ತಿರುಗುತ್ತಿತ್ತು. ಮೊದಲು ಅದನ್ನು ನಿಲ್ಲಿಸಿದೆ. ಆಮೇಲೆ ಕೂತು ಅತ್ತೆ.

ಈಗಿನದು ಕರೆಂಟಿನದು, ಒಳಗೆಲ್ಲ ಹೊಳೆಯುವ ಸ್ಟೀಲು. ಮೊನ್ನೆಯೂ ಮಂಡಿಯೂರಿ ಟಾರ್ಚ್ ಬಿಟ್ಟೆ. "ಅಮ್ಮಾ, ಇಟ್ಸ್ ನ್ಯೂ" ಎಂದು ಮಗಳು ನಕ್ಕಳು, ಹಿಂದೆ ನಾನು ನಗುತ್ತಿದ್ದ ಹಾಗೆಯೇ. ಆ ಕಾಲುಚೀಲದ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.